ಸೈಲಸ್ ಟ್ರೋಮನ್ಸನ ಅಳತೆಕಡ್ಡಿ

ನಮ್ಮೂರು ವಿಲನ್‌ಹಾಲಿನಲ್ಲಿ ಯಾರ ಮನೆಯ ಕದ ತಟ್ಟಿದರೂ ಬೀಗ ಮಾಡುವವನೊಬ್ಬ ಹೊರಗೆ ಬರುತ್ತಿದ್ದ ಕಾಲ ಅದು, ಎಪ್ಪತ್ತರ ದಶಕ. ಸೈಲಸ್ ಟ್ರೋಮನ್ಸನೂ ನನ್ನ ಜೊತೆ ಬೀಗದ ಕಾರ್ಖಾನೆಯಲ್ಲೇ ದುಡಿಯುತ್ತಿದ್ದ. ಆದರೆ ಅವನ ಹೆಸರು ಹತ್ತೂರಿಗೆ ಗೊತ್ತಿದ್ದದ್ದು ಹಿತ್ತಲಿನ ಶೆಡ್ಡಿನಲ್ಲಿ ಮಾಡುತ್ತಿದ್ದ ಇನ್ನೊಂದು ಕೆಲಸದಿಂದ.

ನಮ್ಮ ಕಡೆಯ ಪಬ್ಬುಗಳಲ್ಲಿ ವಾರಕ್ಕೊಮ್ಮೆ ಏರ್‌ಗನ್ ಪಂದ್ಯ. ಗುರಿ ಎಂದರೆ ಒಂದು ದಪ್ಪ ಕಬ್ಬಿಣದ ಪ್ಲೇಟು, ನಡುವೆ ಬೆರಳು ತೂರುವಷ್ಟು ತೂತು, ತೂತಿನ ಹಿಂದೆ ಗಂಟೆ. ಸೀಸದ ಗುಂಡು ತೂತಿನೊಳಗೆ ಹೋದರೆ ಗಂಟೆ ಟಣ್ ಎನ್ನುತ್ತದೆ, ಐದು ಅಂಕ. ಹೋಗದಿದ್ದರೆ ಪ್ಲೇಟಿಗೆ ಬಳಿದ ಬಿಳಿ ಲೇಪದ ಮೇಲೆ ಕಪ್ಪು ಮಚ್ಚೆ, ಕಡಿಮೆ ಅಂಕ. ಗಂಟೆ ಬಾರಿಸದಿದ್ದರೆ ಐದಿಲ್ಲ, ದೇವರೇ ಬಂದು ಸಾಕ್ಷಿ ಹೇಳಿದರೂ ಇಲ್ಲ.

ಈ ಪ್ಲೇಟುಗಳನ್ನೆಲ್ಲ ಮಾಡುತ್ತಿದ್ದವನು ಸೈಲಸ್. ಒಡೆದ ಬಾಯ್ಲರಿನ ಹಾಳೆ, ಗುಜರಿಗೆ ಬಿದ್ದ ತಿಜೋರಿ ಬಾಗಿಲು, ಮುಚ್ಚಿಹೋದ ಅಂಗಡಿಯ ಕಟ್ಟೆ ಮೇಲಿನ ಗಂಟೆ, ಏನು ಸಿಕ್ಕರೂ ಹೊತ್ತು ತರುತ್ತಿದ್ದ. ಮೊದಲು ಸಣ್ಣದಾಗಿ ತೂತು ಕೊರೆದು, ಆಮೇಲೆ ಉರುಟು ಅರದಿಂದ ಸವರುತ್ತ, ಸವರುತ್ತ, ತನ್ನ ಉಕ್ಕಿನ ಅಳತೆಕಡ್ಡಿ ಎಣ್ಣೆ ಸವರಿದಂತೆ ಜಾರಿಹೋಗುವವರೆಗೂ ಬಿಡುತ್ತಿರಲಿಲ್ಲ. ಆ ಕಡ್ಡಿಯನ್ನು ಕೆಲಸ ಕಲಿಯುವಾಗ ಅವನೇ ಕಡೆದದ್ದು. ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಒಳಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಪಂದ್ಯಕ್ಕೆ ಮುಂಚೆ ಎರಡೂ ತಂಡದ ನಾಯಕರು ಅದನ್ನು ತೂತಿಗೆ ಹಾಕಿ ತೆಗೆದು ತಲೆಯಾಡಿಸಬೇಕು. ಅಲ್ಲಿಗೆ ಮಾತು ಮುಗಿಯಿತು.

ನನಗೆ ಅವನಿಗಿಂತ ಹೆಚ್ಚು ಕುತೂಹಲ ಅವನ ಹೆಂಡತಿ ಲೆಟಿಯ ಬಗ್ಗೆ. ನಮ್ಮ ಪಬ್ಬಿನ ಗೋಡೆಯ ಮೇಲೆ ಬಂದೂಕು ಗುರಿ ಹಿಡಿದು ನಿಂತ, ಗೆದ್ದ ಟ್ರೋಫಿ ಹಿಡಿದು ನಿಂತ ಅವಳ ಫೋಟೋಗಳು ಸಾಲಾಗಿದ್ದವು. ಅವಳು ಮಾತ್ರ ಈಗ ಬಂದೂಕು ಮುಟ್ಟುತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಎಲ್ಲರಿಗೂ ಮಾಂಸದುಂಡೆ, ಬೇಯಿಸಿದ ಬಟಾಣಿ ಬಡಿಸುವುದಷ್ಟೇ ಅವಳ ಪಾಲು. ಯಾಕೆಂದು ಕೇಳಿದರೆ, "ನಿನ್ ಅಂಕ ನೀನ್ ಬರ್ಕೊ, ನನ್ ಬಟಾಣಿ ನಾನ್ ನೋಡ್ಕೋತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಂಕ ಬರೆಯುವುದು ನನ್ನ ಕೆಲಸವಾಗಿತ್ತು.

ಒಂದು ಚಳಿಗಾಲ ಹೆರೆಫರ್ಡ್ ಕಡೆಯ ತಂಡವೊಂದು ಸ್ನೇಹಪಂದ್ಯಕ್ಕೆ ಬಂತು. ನಾಯಕ ಪ್ರೋಬರ್ಟ್, ಸೇಬಿನ ತೋಟದವನು. ಸೈಲಸ್ ಕಡ್ಡಿ ಚಾಚಿದರೆ ಅವನು ತೆಗೆದುಕೊಳ್ಳಲೇ ಇಲ್ಲ.

"ನಿನ್ ಕಡ್ಡಿ ನಿನ್ ತೂತಿಗೆ ಹೋಗದೆ ಇನ್ನೇನಪ್ಪ? ನಮ್ದನ್ನ ಹಾಕಿ ನೋಡೋಣ" ಎಂದು ತನ್ನದನ್ನು ಹೊರತೆಗೆದ. ಅದು ತೂತಿನ ಬಾಯಲ್ಲೇ ನಿಂತುಬಿಟ್ಟಿತು.

ಸೈಲಸನ ಕಿವಿ ಕೆಂಪಾಯಿತು. "ಹಳ್ಳಿ ಕಡ್ಡಿ ನೋಡು, ಮೇವು ಜಾಸ್ತಿಯಾಗಿ ಊದ್ಕೊಂಡಿದೆ" ಎಂದ. ನಮ್ಮವರೆಲ್ಲ ನಕ್ಕರು. ಅವನು ನಗಲಿಲ್ಲ.

ಮರುದಿನ ಬೆಳಿಗ್ಗೆ ನಾನಿದ್ದ ಟೂಲ್‌ರೂಮಿಗೆ ಬಂದು ಕಡ್ಡಿಯನ್ನು ಮೇಜಿನ ಮೇಲಿಟ್ಟ. ಮೈಕ್ರೋಮೀಟರಿನಲ್ಲಿ ಹಿಡಿದೆ. ಮತ್ತೆ ಹಿಡಿದೆ. ಕಡ್ಡಿ ಇರಬೇಕಾದ್ದಕ್ಕಿಂತ ಬಡವಾಗಿತ್ತು; ಪತ್ರಿಕೆಯ ಹಾಳೆಯನ್ನು ಮಡಿಸಿದರೆ ಎಷ್ಟು ದಪ್ಪವೋ ಅಷ್ಟು ಸವೆದಿತ್ತು.

"ಇದನ್ನ ಏನ್ ಹಾಕಿ ಒರೆಸ್ತೀಯ?" ಎಂದೆ.

"ಪ್ರತಿ ಶನಿವಾರ ಎಮರಿ ಕಾಗದ ಹಾಕಿ ಉಜ್ತೀನಿ. ಇನ್ನೇನು, ನಾಲ್ಗೇಲಿ ನೆಕ್ಲಾ?" ಎಂದವನು ತಟ್ಟನೆ ಕಡ್ಡಿಯತ್ತ ನೋಡಿದ.

ಕಾರ್ಖಾನೆಯ ಅಳತೆಕಡ್ಡಿಗೆ ಯಾರಾದರೂ ಎಮರಿ ಸೋಕಿಸಿದರೆ ಅವರ ಜನ್ಮ ಜಾಲಾಡುತ್ತಿದ್ದವನು ಇವನೇ. ತನ್ನದನ್ನು ಮಾತ್ರ ಪ್ರೀತಿಯಿಂದ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದ್ದ. ಕಡ್ಡಿ ಸವೆದಂತೆ ತೂತುಗಳೂ ಕಿರಿದಾಗುತ್ತ ಬಂದಿದ್ದವು, ಊರಿಗೆ ಊರೇ ಕಿರುತೂತಿಗೆ ಗುರಿ ಹಿಡಿದು ಬೆವರುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಲೆಟಿ" ಎಂದ ಸೈಲಸ್. ಆಗ ಹೊರಬಂತು ಕಥೆ. ವರ್ಷಗಳ ಹಿಂದೆ, ನಾನು ಅಂಕ ಬರೆಯಲು ಸೇರುವ ಮೊದಲು, ಫೈನಲ್ಲಿನ ಕೊನೆಯ ಗುಂಡು ಲೆಟಿಯದು. ಗುಂಡು ತೂತಿನ ಅಂಚಿಗೆ ತಾಗಿ ಚಪ್ಪಟೆಯಾಗಿ ಅಲ್ಲೇ ಕೂತಿತು, ಗಂಟೆ ಬಾರಿಸಲಿಲ್ಲ. ಈ ಹೊಸ ಪ್ಲೇಟಿನ ತೂತು ಹಳೆಯದಕ್ಕಿಂತ ಬಿಗಿ ಎಂದಳು ಲೆಟಿ. ಸೈಲಸ್ ತುಂಬಿದ ಪಬ್ಬಿನೆದುರು ಕಡ್ಡಿಯನ್ನು ತೂತಿಗೆ ಹಾಕಿ ತೆಗೆದು, ಹಾಕಿ ತೆಗೆದು, "ಕುಣಿಯೋಕ್ ಬರ್ದಿದ್ರೆ ನೆಲಾನ ಬೈಬೇಡ ಕಣೇ" ಎಂದಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಅವಳು ಬಂದೂಕು ಮುಟ್ಟಿಲ್ಲ.

"ಸುಮ್ನೆ ತೂತುಗಳನ್ನ ಸವರಿ ಸರಿಮಾಡ್ಬಿಡು ಮಾರಾಯ, ಯಾರಿಗ್ ಗೊತ್ತಾಗುತ್ತೆ?" ಎಂದೆ.

"ಮನೇಲಿ ಅವಳ ಮುಖ ನೋಡೋನು ನೀನಾ, ನಾನಾ?" ಎಂದ.

ನಾನು ಹೊಸ ಕಡ್ಡಿ ಕಡೆದುಕೊಟ್ಟೆ. ಮುಂದಿನ ಪಂದ್ಯದ ಸಂಜೆ ಸೈಲಸ್ ಸರಿಪಡಿಸಿದ ಪ್ಲೇಟಿನ ಪಕ್ಕ ಟೋಪಿ ತೆಗೆದು ನಿಂತ. ಅವನು ಟೋಪಿ ತೆಗೆದದ್ದನ್ನು ಮದುವೆ, ಮಣ್ಣು ಬಿಟ್ಟರೆ ನಾನು ಕಂಡಿರಲಿಲ್ಲ.

"ಆವತ್ತು ಲೆಟಿ ತೂತು ಬಿಗಿ ಅಂದ್ಳು. ನಾನು ಎಲ್ಲರೆದುರು ಅವಳ ಮಾನ ಕಳೆದೆ. ತೂತು ಬಿಗಿಯಾಗೇ ಇತ್ತು. ತಪ್ಪು ನಂದು."

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು ಲೆಟಿ. "ಇನ್ನೊಂದ್ಸಲ ಹೇಳು. ಹಿಂದಿನ್ ರೂಮಿನೋರಿಗೆ ಕೇಳ್ಸಿಲ್ಲ" ಎಂದಳು.

ಸೈಲಸ್ ಗಂಟಲು ಬಿಚ್ಚಿ ಮತ್ತೆ ಹೇಳಿದ. ಅಷ್ಟು ಜನರ ಪಬ್ಬು, ಒಬ್ಬನೂ ಗ್ಲಾಸು ಎತ್ತಲಿಲ್ಲ. ಯಾರೋ ಬಂದೂಕು ತಂದು ಅವಳ ಮುಂದೆ ಹಿಡಿದರು. ಲೆಟಿ ಕೈ ಒರೆಸಿಕೊಂಡು ತೆಗೆದುಕೊಂಡಳು. ಕೆನ್ನೆಯನ್ನು ಬಂದೂಕಿನ ಮರದ ಹಿಡಿಗೆ ಒತ್ತಿ ನಿಂತ ಆ ಭಂಗಿ, ಗೋಡೆಯ ಫೋಟೋದಲ್ಲಿದ್ದವಳೇ ಇಳಿದುಬಂದಂತಿತ್ತು. ಗುರಿ ಹಿಡಿದಳು, ಹಿಡಿದೇ ಇದ್ದಳು. ಟ್ರಿಗರ್ ಒತ್ತಲಿಲ್ಲ. ನಿಧಾನವಾಗಿ ಬಂದೂಕು ಇಳಿಸಿದಳು.

"ಪ್ಲೇಟು ಕಾಣ್ತಿದೆ ಸೈಲಸ್. ಈ ಕಣ್ಣಿಗೆ ಈಗ ತೂತು ಕಾಣ್ತಿಲ್ಲ" ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಬಂದೂಕನ್ನು ಅವನ ಕೈಗಿಟ್ಟು, ಬಟಾಣಿ ತಳ ಹಿಡಿಯುತ್ತದೆ ಎಂದು ಒಳಗೆ ಹೋದಳು. ಸೈಲಸ್ ಬಂದೂಕನ್ನು ನನ್ನ ಮೇಜಿನ ಮೇಲಿಟ್ಟು ಅವಳ ಹಿಂದೆಯೇ ನಡೆದ. ಪ್ರತಿ ಗುಂಡಿನ ನಂತರ ಪ್ಲೇಟಿಗೆ ಬಿಳಿ ಬಳಿಯುವ ಅವನ ಕೆಲಸಕ್ಕೆ ಆ ಸಂಜೆ ಬೇರೆ ಯಾರನ್ನೋ ನಿಲ್ಲಿಸಬೇಕಾಯಿತು. ಗಂಟೆ ಎಂದೂ ಇಲ್ಲದಷ್ಟು ಸಲ ಬಾರಿಸಿತು, ಅವನು ಒಮ್ಮೆಯೂ ಇಣುಕಿ ನೋಡಲಿಲ್ಲ.