ತಿದ್ದಿದ ಗಾಳಿ

ಗೊಟ್ಟಿಗೆರೆಯ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಕಾಂಕ್ರೀಟ್ ಕಲಸುವ ಘಟಕ ಶುರುವಾದಾಗ ಮೇಲಿನ ಮನೆಯ ಗೆಳತಿಗೆ ನನಗಿಂತ ಹೆಚ್ಚು ಸಿಟ್ಟು ಬಂದಿತ್ತು. ಅವಳ ಮಗಳಿಗೆ ಉಬ್ಬಸ. "ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ ಕಣೇ, ನಂಬರ್ ತೋರಿಸ್ಬೇಕು" ಎಂದು ಗಾಳಿಯ ಧೂಳು ಅಳೆಯುವ ಪುಟ್ಟ ಯಂತ್ರವನ್ನು ಅವಳೇ ತಂದು ಟೆರೇಸಿನಲ್ಲಿ ಕಟ್ಟಿಸಿದಳು. ಅಂಕಿಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಜಯನಗರದ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟವಳು ನಾನು. ಆದರೆ ಕೋಡ್ ಬರೆಯಲು ಬಾರದು.

ಅದಕ್ಕೆ ಎಐ ಇತ್ತಲ್ಲ. ನಮ್ಮ ಯಂತ್ರದ ಅಂಕಿಗಳನ್ನು ಅದಕ್ಕೆ ಕೊಟ್ಟು, ದಿನದ ಯಾವ ಹೊತ್ತಿನಲ್ಲಿ ಧೂಳು ಹೆಚ್ಚು ಎಂದು ತೋರಿಸುವ ಕೋಡ್ ಬೇಕು ಅಂತ ಕನ್ನಡದಲ್ಲೇ ಕೇಳಿದೆ. ಕಾಫಿ ಆರುವಷ್ಟರಲ್ಲಿ ಬಂತು. ಓಡಿಸಿದರೆ ಅಂದವಾದ ನೀಲಿ ಗೆರೆ, ಸಣ್ಣ ಸಣ್ಣ ಏರಿಳಿತ. ಅದನ್ನು ಗೆಳತಿಗೆ ಕಳಿಸಿ, ಆಮೇಲೆ ಸಾವಧಾನವಾಗಿ ನೋಡಿದೆ. ಬೆಳಿಗ್ಗೆ ಮಿಕ್ಸರ್ ಲಾರಿಗಳು ತುಂಬಿಕೊಳ್ಳುವಾಗ ಎದುರಿನ ತೆಂಗಿನಮರವೇ ಮಸುಕಾಗುತ್ತದೆ. ಗ್ರಾಫಿನಲ್ಲಿ ಆ ಹೊತ್ತು ಏನೂ ನಡೆದೇ ಇಲ್ಲ.

ಬೆಳಗಿನ ಅಂಕಿಗಳು ಎಲ್ಲಿ ಹೋದವು ಎಂದು ಕೇಳಿದೆ. ಮಿತಿಮೀರಿದ ಅಂಕಿಗಳನ್ನು ಯಂತ್ರದ ದೋಷವೆಂದು ಭಾವಿಸಿ ತೆಗೆದು, ಆ ಜಾಗದಲ್ಲಿ ಸರಾಸರಿ ತುಂಬಿದ್ದಾಗಿ ಹೇಳಿ ಕ್ಷಮೆಯನ್ನೂ ಕೇಳಿತು. ಯಾವುದನ್ನು ಹಿಡಿಯಲೆಂದು ಯಂತ್ರ ಕಟ್ಟಿದ್ದೆವೋ ಅದನ್ನೇ ಕಸವೆಂದು ಗುಡಿಸಿಬಿಟ್ಟಿತ್ತು. ಏನನ್ನೂ ತೆಗೆಯಬೇಡ ಎಂದು ಮತ್ತೆ ಬರೆಸಿದೆ. ಯಾವ ಸಾಲು ಏನು ಮಾಡುತ್ತದೆ ಎಂದು ಕೇಳಿ ಕೇಳಿ ತಿಳಿದುಕೊಂಡೆ. ಈ ಸಲ ಪ್ರತಿ ಬೆಳಿಗ್ಗೆ ಗೆರೆ ಗೋಡೆಯಂತೆ ಎದ್ದು ನಿಂತಿತು.

ಸಂಭ್ರಮದಿಂದ ಮೇಲಿನ ಮನೆಗೆ ಓಡಿದೆ. ಗೆಳತಿ ನೋಡಿ ಮೊಬೈಲನ್ನು ನನ್ನ ಕೈಗೇ ವಾಪಸ್ ಇಟ್ಟಳು.

"ಇದನ್ನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡ ಕಣೇ. ಮನೆ ಮಾರ್ತಾ ಇದೀವಿ. ತಲಘಟ್ಟಪುರದಲ್ಲಿ ಬೇರೆ ನೋಡಿದೀವಿ."

"ಮತ್ತೆ ಇಷ್ಟೆಲ್ಲ ಯಾಕೆ ಮಾಡಿಸ್ದೆ?"

"ಆಗ ಸಿಟ್ಟಿತ್ತು. ಈಗ ಮಗಳನ್ನ ಕರ್ಕೊಂಡು ಇಲ್ಲಿಂದ ಹೋದ್ರೆ ಸಾಕಾಗಿದೆ. ನಿನ್ನ ಮೊದಲನೇ ಗ್ರಾಫೇ ಚೆನ್ನಾಗಿತ್ತು. ಮನೆ ನೋಡೋಕೆ ಬಂದೋರಿಗೆ ಅದನ್ನೇ ತೋರಿಸಿದೀನಿ."

ಕೊಳ್ಳಲು ಬಂದವರು ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಗಂಡ ಹೆಂಡತಿ. ಹೆಂಡತಿ ಬಸುರಿ. ಅವರು ಮತ್ತೊಮ್ಮೆ ಮನೆ ನೋಡಲು ಬಂದಾಗ ಲಿಫ್ಟಿನ ಬಳಿ ನಿಲ್ಲಿಸಿ ಸರಿಯಾದ ಗ್ರಾಫ್ ತೋರಿಸಿದೆ. ಮೊದಲಿನದು ಯಾಕೆ ತಪ್ಪು ಎಂದೂ ಬಿಡಿಸಿ ಹೇಳಿದೆ.

"ಎರಡೂ ನೀವ ಮಾಡಿದ್ದಲ್ರೀ ಆಂಟಿ?" ಎಂದಳು ಅವಳು.

"ಹೌದಮ್ಮ, ಆದ್ರೆ..."

"ಮತ್ತ ಯಾವುದನ್ನ ನಂಬಬೇಕ್ರೀ ನಾವು?"

ಗಂಡ ಮುಖ ಬಿಗಿದುಕೊಂಡು, "ಎಲ್ಲಾ ಮಾತು ಮುಗದೈತ್ರೀ. ಅವರ ಮ್ಯಾಲೆ ನಿಮಗೇನರ ಸಿಟ್ಟಿದ್ರ ನಮ್ಮನ್ಯಾಕ ನಡುವ ತರ್ತೀರಿ?" ಎಂದು ಲಿಫ್ಟಿನ ಬಾಗಿಲು ಹಿಡಿದ. ಇಬ್ಬರೂ ಒಳಗೆ ಹೋದರು.

ಆ ಸಂಜೆಯೇ ಗ್ರೂಪಿಗೆ ಹಾಕಿದೆ. "ಮೇಡಂ, ಎಐ ಇವತ್ತು ಒಂದು ಹೇಳುತ್ತೆ, ನಾಳೆ ಒಂದು. ಇದನ್ನೆಲ್ಲ ನಂಬೋಕಾಗುತ್ತಾ?" ಎಂದು ಸಂಘದ ಅಧ್ಯಕ್ಷರು ಬರೆದರು. ಮೊದಲ ಗ್ರಾಫನ್ನು ನಾನು ಕಳಿಸಿದ ದಿನವೇ ಗೆಳತಿ ಗ್ರೂಪಿಗೆ ಹಾಕಿದಾಗ ಚಪ್ಪಾಳೆಯ ಚಿತ್ರ ಒತ್ತಿದವರೂ ಅವರೇ. ಅದೂ ಎಐ ಮಾಡಿದ್ದೇ ಎಂದು ಯಾರಿಗೂ ನೆನಪಾಗಲಿಲ್ಲ. ಮಾರನೆಯ ವಾರ ಟೆರೇಸಿಗೆ ಬೀಗ ಬಿತ್ತು. ನೀರಿನ ಟ್ಯಾಂಕಿನ ಸುರಕ್ಷತೆಗಂತೆ.

ಗೆಳತಿ ಹೋಗುವಾಗ ಹೇಳಲೂ ಇಲ್ಲ. ಸಾಮಾನಿನ ಲಾರಿ ಗೇಟು ದಾಟುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೊಸಬರಿಗೆ ಹೆಣ್ಣುಮಗು ಹುಟ್ಟಿದೆ. ಮೆಟ್ಟಿಲಲ್ಲಿ ಎದುರಾದರೆ ಆ ತಾಯಿ ನನ್ನ ಮುಖ ನೋಡುವುದಿಲ್ಲ. ಮೊನ್ನೆ ಯಾರೋ, ನನ್ನ ಗೆಳತಿಯ ಮಗಳಿಗೆ ಈಗ ಉಬ್ಬಸ ಕಡಿಮೆಯಾಗಿದೆಯಂತೆ ಎಂದರು. ಒಳ್ಳೆಯದಾಯಿತು ಎಂದೆ. ಆ ಮಾತು ತುಟಿಯಿಂದ ಮಾತ್ರ ಬಂತು.