ಕಾವಕ್ಕ ಮಾಗಿಸಿದ ಅಂಡ

ಕುದುರೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅಂಡಗಳನ್ನು ಹದವಾದ ಬಿಸುಪಿನಲ್ಲಿಟ್ಟು ಮಾಗಿಸುವ ಕೆಲಸ ಅವಳದು. ಅದಕ್ಕೇ ಅಲ್ಲಿ ಎಲ್ಲರ ಬಾಯಲ್ಲೂ ಅವಳು ಕಾವಕ್ಕ. ಮನೆಯಲ್ಲಿ ಮಾತ್ರ ಆ ಹೆಸರಿಗೆ ಕಿಮ್ಮತ್ತಿಲ್ಲ.

"ಕುದುರೆ ಏನು ಕೋಳೀನಾ, ಕಾವು ಕೊಡೋಕೆ?" ಎಂದು ಅತ್ತೆ ಬಂದವರ ಮುಂದೆಲ್ಲ ನಗುತ್ತಿದ್ದರು.

ಅತ್ತೆಯದು ಸವಾರಿ ಕಲಿಸುವ ಶಾಲೆ. ಮದುವೆಯಾದ ಹೊಸದರಲ್ಲಿ ಕುದುರೆ ಕಂಡರೆ ಮಾರು ದೂರ ಹಾರುತ್ತಿದ್ದ ಸೊಸೆಯ ಕೈಯನ್ನು ಬಿಳಿ ಕುದುರೆಯ ಕೊರಳ ಮೇಲಿಟ್ಟು, "ಇವಳು ನನ್ನ ಹಿರಿಮಗಳು. ನಿನ್ನ ಕಚ್ಚಿದ್ರೆ ನಾನು ಇವಳನ್ನ ಕಚ್ತೀನಿ" ಎಂದಿದ್ದರು. ಸೊಸೆಯ ಓದು, ಕೆಲಸ ಎಲ್ಲ ಕುದುರೆಯತ್ತ ತಿರುಗಿದ್ದು ಅಂದಿನಿಂದ. ಆ ಋಣ ಹೇಗೆ ತೀರಿಸಲಿ ಎಂದು ಅವಳು ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

ಈಗ ಬಿಳಿ ಕುದುರೆಗೆ ವಯಸ್ಸಾಗಿತ್ತು. ಆ ಕುದುರೆಗೆ ಗರ್ಭ ನಿಂತಿದ್ದೇ ಇಲ್ಲ. ಒಂದು ಕುಡಿಯೂ ಉಳಿಯದಲ್ಲ ಎಂದು ಅತ್ತೆ ಕೊರಗುತ್ತಿದ್ದರು.

"ಅಂಡ ಅವಳದೇ ಇರ್ಲಿ ಅತ್ತೆ, ಹೊರೋಕೆ ಬೇರೆಯವಳು," ಎಂದಳು ಕಾವಕ್ಕ.

ಕುದುರೆಯ ಅಂಡ ಅಂಡಾಶಯದೊಳಗಿನ ಪುಟ್ಟ ಗೂಡಿನ ಗೋಡೆಗೆ ಅಂಟಿ ಕೂತಿರುತ್ತದೆ. ಡಾಕ್ಟರು ಸೂಜಿಯಿಂದ ದ್ರವ ಹಾಯಿಸಿ ತೊಳೆದು ತೊಳೆದು ಬಿಡಿಸಿದರು. ಸಿಕ್ಕಿದ್ದು ನಾಲ್ಕೇ. ಅವು ಕಾವುಪೆಟ್ಟಿಗೆ ಸೇರಿದವು. ಒಲೆ ಮೇಲಿನ ಪಾತ್ರೆಯ ಮುಚ್ಚಳವನ್ನು ಗಳಿಗೆಗೊಮ್ಮೆ ತೆಗೆಯುವ ಅತ್ತೆ ಅಲ್ಲಿಗೂ ಬಂದರು.

"ಒಂದ್ಸಲ ಇಣುಕ್ಲೇನೇ?"

"ತೆಗೆದ್ರೆ ತಣ್ಣಗಾಗುತ್ತೆ. ಇದು ನಿಮ್ಮ ಅಡುಗೆಮನೆ ಅಲ್ಲ."

ಅತ್ತೆ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತೆಪ್ಪಗೆ ಕೂತರು.

ಮರುದಿನ ನೋಡಿದರೆ ಮೂರು ಹಸಿಹಸಿಯಾಗೇ ಉಳಿದಿದ್ದವು. ನಾಲ್ಕನೆಯದು ಮಾಗಿತ್ತು! ಅದರೊಳಗೆ ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸಿದರು. ಅದು ಭ್ರೂಣವಾಗಿ ಬೆಳೆದ ಮೇಲೆ ಒಂದು ಕಂದು ಕುದುರೆಯ ಗರ್ಭದಲ್ಲಿಟ್ಟರು.

"ನನ್ನ ಹಿರಿಮಗಳ ಕುಡಿ ಈ ಒದೆಗಾತಿ ಹೊಟ್ಟೇಲಾ?" ಎಂದು ಅತ್ತೆ ಮೂಗು ಮುರಿದರು.

ಗರ್ಭ ನಿಂತಿತು. ಮುಂದಿನ ವರ್ಷ ಒಂದು ಮುಂಜಾನೆ ಮರಿ ಹುಟ್ಟಿ, ಬಿದ್ದು, ಎದ್ದು, ನಡುಗುವ ಕಾಲುಗಳ ಮೇಲೆ ನಿಂತೇಬಿಟ್ಟಿತು. ಅತ್ತೆ ಮರಿಯನ್ನು ತಬ್ಬಿಕೊಳ್ಳುತ್ತಾರೆ ಎಂದುಕೊಂಡರೆ, ಹಸಿಹುಲ್ಲು ಹಿಡಿದು ಕಂದು ಕುದುರೆಯ ಬಳಿ ಹೋದರು. "ಹೊತ್ತವಳು ನೀನು ಕಣೇ. ಮೊದಲು ನೀನು ತಿನ್ನು." ಆಮೇಲೆ ಸೊಸೆಯತ್ತ ತಿರುಗಿದರು. ಕಣ್ಣು ಒದ್ದೆಯಾಗಿತ್ತು.

"ನೀನೂ ಏನೂ ತಿಂದಿಲ್ಲ ಅಲ್ವಾ? ಬಾ, ಬಡಿಸ್ತೀನಿ."

"ಅತ್ತೆ, ಅವತ್ತು ನೀವು ನನ್ನ ಕೈ ಹಿಡಿದು..." ಎಂದು ಕಾವಕ್ಕ ಶುರುಮಾಡಿದಳು.

"ಸಾಕು ಸಾಕು. ಮೊದಲು ಕೈ ತೊಳ್ಕೋ, ಲಾಯದ ವಾಸನೆ ಹೊಡೀತಿದೆ."