ಗುಡ್ಡದ ಮೇಲಿನ ತೇಪೆ

ಉಪಗ್ರಹ ಕಳಿಸುವ ಚಿತ್ರಗಳಲ್ಲಿ ಮೋಡ ಮುಚ್ಚಿದ ಜಾಗಕ್ಕೆ ಹಳೆಯ ಚಿತ್ರದ ತುಂಡು ಕೂರಿಸುವುದು ಅವಳ ಕೆಲಸ. ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಕಚೇರಿಯವರು ಅವಳನ್ನು ತೇಪೆಯಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಯಾರ ಕಣ್ಣಿಗೂ ಬೀಳಬಾರದು ಎಂಬುದು ಅವಳ ಹಟ. ಬಿದ್ದರೆ ಅವತ್ತು ಊಟ ಸೇರುತ್ತಿರಲಿಲ್ಲ.

ಊರಾಚೆಯ ಗುಡ್ಡವೊಂದು ಮಾತ್ರ ಮುಖ ತೋರಿಸುತ್ತಲೇ ಇರಲಿಲ್ಲ. ಉಪಗ್ರಹ ಹಾಯುವ ಬೆಳಗಿನ ಹತ್ತೂವರೆಗೆ ಸರಿಯಾಗಿ ಅದರ ಮೇಲೆ ಮೋಡ ಕವಿಯುತ್ತಿತ್ತು. "ಹಾಳಾದ್ದು, ನನ್ನ ಕಂಡ್ರೆ ಮುಸುಕು ಹಾಕ್ಕೊಳತ್ತೆ" ಎಂದು ಬೈಯುತ್ತ, ಪ್ರತಿ ಸಲವೂ ಹಿಂದಿನ ತಿಂಗಳ ಗುಡ್ಡವನ್ನೇ ತಂದು ಕೂರಿಸುತ್ತಿದ್ದಳು. ಹೊಲಿಗೆ ಎಷ್ಟು ನುಣುಪಾಗಿತ್ತೆಂದರೆ, ಆ ಹಿಂದಿನ ತಿಂಗಳದ್ದೂ ತೇಪೆಯೇ ಎಂಬುದು ಅವಳ ಕಣ್ಣಿಗೇ ಬೀಳಲಿಲ್ಲ.

ಈ ಮಂಗಳವಾರ ಮೋಡವಿರಲಿಲ್ಲ. ತೆರೆಯ ಮೇಲೆ ಹಸಿರಿನ ಬದಲು ಬೋಳು ಮಣ್ಣು, ನೆತ್ತಿಯ ಕೆಳಗೆ ಕುಡುಗೋಲಿನಂತೆ ಬಾಗಿದ ಬಿರುಕು. ಸಂಜೆಯವರೆಗೆ ಕೂತು ತೇಪೆಗಳನ್ನು ಒಂದೊಂದಾಗಿ ಬಿಚ್ಚಿದಳು. ಇಷ್ಟು ದಿನ ಎಲ್ಲರೂ ನೋಡುತ್ತಿದ್ದುದು ಹನ್ನೊಂದು ವರ್ಷ ಹಿಂದಿನ ಗುಡ್ಡ.

ಆ ಗುಡ್ಡದ ಬುಡದಲ್ಲೇ ತಮ್ಮನ ಹೊಸ ಮನೆ. ಮೇಲಧಿಕಾರಿಗೆ ಚಿತ್ರ ಕಳಿಸಿದವಳೇ ತಮ್ಮನಿಗೆ ಫೋನ್ ಮಾಡಿದಳು. ಆ ಕಡೆ ಜೋರು ಮಳೆಯ ಸದ್ದು.

"ಈಗಲೇ ಮಕ್ಕಳನ್ನ ಕರ್ಕೊಂಡು ಹೊರಡೋ. ಗುಡ್ಡ ಬಿರುಕು ಬಿಟ್ಟಿದೆ."

ತಮ್ಮ ನಕ್ಕುಬಿಟ್ಟ. "ತಲೆ ಕೆಟ್ಟಿದ್ಯಾ ಅಕ್ಕಾ? ನಿಮ್ಮ ಆಫೀಸಿನ ಚಿತ್ರ ನೋಡೇ ಅಲ್ವಾ ಇಲ್ಲಿ ಮನೆ ಕಟ್ಟಿದ್ದು! ನೀನೇ ಕೊಟ್ಟಿದ್ದು, ಗೋಡೆ ಮೇಲೇ ಇದೆ. ಅದರಲ್ಲಿ ಗುಡ್ಡದ ಮೇಲೆ ಒಂದು ಗೀರೂ ಇಲ್ಲ."